ಉಳಿದ ಒಂದು ವಾಯರ್

ಬನಹಟ್ಟಿ,
ಗುರುವಾರ

ರಬಕವಿಯ ವೈಶಾಲಿ ವೈನಿಯವರಿಗೆ, ನಿಮ್ಮ ಮನೆಯವರಾದ ಬಸವಕುಮಾರನ ಗೆಳೆಯ ಮಲಕಾಜಪ್ಪ ಜಾಬರ್ ಬರಿಯೂ ಪತ್ರ.

ವೈನಿ, 'ನಾವೆಲ್ಲಾ ಆರಾಮ, ನೀವೂ ಆರಾಮ ಅಂತ ತಿಳೀತೇನಿ' ಅಂತ ಸುರು ಮಾಡೂದು ರೂಢಿ. ಈ ಸಲ ಆ ಸಾಲು ಬರಿಯಾಕ ಕೈ ಏಳವಲ್ದು. ನಾ ಆರಾಮ ಇಲ್ಲ. ಇದನ್ನ ಓದಿದ ಮ್ಯಾಲ ನೀವೂ ಆರಾಮ ಇರಂಗಿಲ್ಲ. ಒಲಿ ಮ್ಯಾಲ ಏನರ ಇಟ್ಟಿದ್ರ ಇಳಿಸಿ ಬರ್ರಿ, ಕುಂತು ಓದ್ರಿ. ನಡುವ ಹರಿದು ಒಗಿಬೇಕು ಅನ್ನಿಸಿದ್ರೂ ಕಡೀತನಕ ಓದಿ ಆಮ್ಯಾಲ ಹರೀರಿ.

ರಬಕವಿಗೂ ಬನಹಟ್ಟಿಗೂ ನಡುವ ಏನು ದೂರ ಐತಿ? ಸೈಕಲ್ ಮ್ಯಾಲ ಹೋದ್ರ ಬೆವರು ಸೈತ ಬರಂಗಿಲ್ಲ. ಇಷ್ಟಕ್ಕ ಪತ್ರ ಯಾಕ, ಬಂದು ಹೇಳಬಾರದೇನು ಅಂತೀರಿ. ಬಂದಿದ್ನೆಲ್ಲ ವೈನಿ, ಮೊನ್ನೆ ಮಂಗಳವಾರ. ನಿಮ್ಮ ಪಡಸಾಲ್ಯಾಗ ಕುಂತು, ನೀವು ಕೊಟ್ಟ ಚಾ ಕುಡದು, ನಿಮ್ಮ ಮುಂದ ಸುಳ್ಳು ಹೇಳಿ ಎದ್ದು ಬಂದೆ. ನಿಮ್ಮ ಮಾರಿ ನೋಡಿದ್ರ ನನ್ನ ಬಾಯಿಂದ ಖರೆ ಹೊಂಡಂಗಿಲ್ಲ. ಅದಕ್ಕ ಬರಿಯಾಕತ್ತೇನಿ.

ಮೊದಲ ಒಂದು ಮಾತು. ಶನಿವಾರ ಗುಜರಿಯವ ಬರ್ತಾನ, ಹಿತ್ತಲದಾಗ ನಿಂತ ಬಸವಕುಮಾರನ ಕಾರು ಒಯ್ಯತಾನ ಅಂತ ಹೇಳಿದ್ನೆಲ್ಲ, ಕೊಡಬ್ಯಾಡ್ರಿ. ಯಾರಿಗೂ ಆ ಗಾಡಿ ಮುಟ್ಟಾಕ ಬಿಡಬ್ಯಾಡ್ರಿ. ಸೋಮವಾರ ಜಮಖಂಡಿ ಕೋರ್ಟಿನಾಗ ನನ್ನ ಸಾಕ್ಷಿ ಐತಿ. ಅವತ್ತ ನಾ ಏನು ಹೇಳವನಿದ್ದೇನಿ ಅನ್ನೂದು ಜಡ್ಜ್ ಸಾಹೇಬರಿಗಿಂತ ಮೊದಲ ನಿಮಗ ಗೊತ್ತಾಗಬೇಕು.

ಬಸವಕುಮಾರ ಹೋಗಿ ಕಬ್ಬಿನ ಎರಡು ಹಂಗಾಮ ಆತು. ಕಾರಖಾನಿ ಸುರು ಆಗಿ ಕಬ್ಬಿನ ಗಾಡಿ ರಸ್ತೆ ತುಂಬ ಓಡಾಡೂ ದಿನ. ಜಮಖಂಡಿ ಅಂಗಡಿಗೆ ಸೀರಿ ಕೊಟ್ಟು ತಿರುಗಿ ಬರಾಕತ್ತಿದ್ದ, ಹೊತ್ತು ಮುಣುಗಿತ್ತು, ಫೋನ್ ಬಂತಂತ ಗಾಡಿ ಬದೀಗೆ ಹಚ್ಚಿ ಮಾತಾಡಾಕತ್ತಿದ್ದ. ನಡಿಸಿಕೋತ ಫೋನ್ ಹಿಡಿಯೂ ಮನಷ್ಯಾ ಅಲ್ಲ ಅಂವ. ಹಿಂದಿನಿಂದ ಕಬ್ಬು ತುಂಬಿದ ಲಾರಿ ಬಂದು ಹಾಯ್ತು. ಇಷ್ಟು ನಿಮಗ ಗೊತ್ತ ಐತಿ. ಗೊತ್ತಿಲ್ಲದ್ದು ಏನಂದ್ರ, ಸುದ್ದಿ ಕೇಳಿ ನಾ ಅಲ್ಲಿಗೆ ಓಡಿ ಹೋದಾಗ ಆ ಲಾರಿ ಡ್ರೈವರ್ ಓಡಿ ಹೋಗಿರಲಿಲ್ಲ. ತುಬಚಿಯ ಗಿರಮಲ್ಲಪ್ಪ. ಬಸವಕುಮಾರನ ತಲಿ ತನ್ನ ತೊಡಿ ಮ್ಯಾಲ ಇಟ್ಕೊಂಡು, ಟಾವೆಲ್ಲಿನಿಂದ ರಕ್ತ ಒತ್ತಿ ಹಿಡಕೊಂಡು ಕುಂತಿದ್ದ. ನನ್ನ ನೋಡಿ ಅಂದ: "ಎದುರಿನ ಗಾಡಿ ಲೈಟು ಕಣ್ಣಿಗೆ ಹೊಡೀತ್ರಿ. ಈ ಗಾಡಿ ಹಿಂದ ಒಂದ ಕೆಂಪು ದೀಪಾ ಇದ್ದಿದ್ರ ತಪ್ಪಿಸತಿದ್ನಿರಿ. ಒಂದೂ ಇರಲಿಲ್ರಿ."

ನಾ ಅವನ ಕಪಾಳಕ್ಕ ಹೊಡದೆ, ವೈನಿ. ಎರಡು ಸಲ ಹೊಡದೆ. "ನಿಮ್ಮ ಕಬ್ಬಿನ ಗಾಡೀಗೆ ಜನ್ಮದಾಗ ಹಿಂದ ದೀಪಾ ಇರಂಗಿಲ್ಲ, ಮಂದಿ ಗಾಡಿ ದೀಪಾ ಎಣಸಾಕ ಬಂದಿಯೇನಲೇ" ಅಂದೆ. ಕೂಡಿದ ಮಂದಿ ಎಲ್ಲಾ ನನ್ನ ಮಾತ ಖರೆ ಅಂದ್ರು. ಕಬ್ಬಿನ ಲಾರಿ ಅಂದ್ರ ನಮ್ಮ ಕಡೆ ಎಲ್ಲಾರ ಬಾಯಾಗ ಒಂದ ಮಾತು. ಮರುದಿನ ಪೊಲೀಸರ ಮುಂದ ಹೇಳಿಕಿ ಬರಿಸಿದೆ: 'ಮೂರು ದಿನದ ಹಿಂದ ನಾನ ಆ ಕಾರಿಗೆ ಸ್ಟೀರಿಯೊ ಕೂಡಿಸೇನಿ, ಎಲ್ಲಾ ದೀಪಾ ನಾನ ನೋಡೇನಿ, ಎಲ್ಲಾ ಹತ್ತತಿದ್ದವು.' ಗಾಡಿ ಹಿಂಭಾಗ ನುಜ್ಜುಗುಜ್ಜಾಗಿ ಹೋಗಿತ್ತು, ದೀಪಾ ಇದ್ದವೋ ಇಲ್ಲೋ ನೋಡಾಕ ಅಲ್ಲಿ ಏನೂ ಉಳಿದಿರಲಿಲ್ಲ. ಹಿಂಗಾಗಿ ನನ್ನ ಮಾತ ಗಟ್ಟಿ ಆತು.

ಇನ್ನ ಈ ವಾರದ ಮಾತು ಕೇಳ್ರಿ.

ಹೋದ ತಿಂಗಳ ನಾ ಒಂದು ಹಳೇ ಕಾರು ತೊಗೊಂಡದ್ದು ನಿಮಗ ಗೊತ್ತೈತಿ. ಮೊನ್ನೆ ಐತವಾರ ಅದಕ್ಕ ಸ್ಟೀರಿಯೊ ಕೂಡಿಸಿದೆ. ಬಸವಕುಮಾರನ ಗಾಡಿ ಆದ ಮ್ಯಾಲ ನಾ ಕೂಡಿಸಿದ್ದು ಇದ ಮೊದಲ. ನನ್ನ ಸೊಕ್ಕು ಇಡೀ ಊರಿಗೆ ಗೊತ್ತು. ಮೂವತ್ತು ವರ್ಷ ಆತು, ಈ ಕಡೆ ಯಾವ ಶೆಡ್ಡಿನಾಗ ಪಾವರ್‌ಲೂಮ್ ಕೆಟ್ರೂ ಮಂದಿ ಕರಿಯೂದು ನನ್ನ. ಮಗ್ಗಾ ಬಿಚ್ಚಿ ಜೋಡಿಸೂ ಜಾಬರನಿಗೆ ಒಂದು ಹಾಡಿನ ಡಬ್ಬಿ ಕೂಡಿಸೂದು ಏನ ದೊಡ್ಡದು? ಮುಧೋಳದ ಬಜಾರದಾಗ ಸ್ಟೀರಿಯೊ ತಂದೆ, ಹಳೇದು ಕಿತ್ತೆ, ವಾಯರಿಗೆ ವಾಯರ್ ಜೋಡಿಸಿದೆ. ಕರೇದು ಗಾಡಿ ಮೈಗೆ, ಹಳದಿ ಬ್ಯಾಟರಿಗೆ, ಕೆಂಪು ಕೀಲಿಗೆ, ಉಳಿದವು ಸ್ಪೀಕರಿಗೆ. ಕಡೀಕ ಗಾಡಿ ಕಡಿಯಿಂದ ಬಂದ ಒಂದು ಕೇಸರಿ ವಾಯರ್ ಉಳೀತು. ಹೊಸ ಸ್ಟೀರಿಯೊದಾಗ ಅದಕ್ಕ ಜೋಡಿ ಇರಲಿಲ್ಲ. ಕರೆಂಟ ತೋರಸೂ ಟೆಸ್ಟ್ ಲ್ಯಾಂಪ್ ಹಚ್ಚಿ ತಪಾಸ ಮಾಡಿದೆ, ಅದರಾಗ ಕರೆಂಟ ಇಲ್ಲ, ಸತ್ತ ವಾಯರ್. ಸತ್ತದ್ದು ಅಂದ ಮ್ಯಾಲ ಅದನ್ನ ಗಾಡಿ ಮೈಗೆ ಒಂದು ಬೋಲ್ಟಿಗೆ ಸುತ್ತಿದೆ.

ಯಾಕ ಸುತ್ತಿದೆ ಅಂತ ಹೇಳಬೇಕು. ನನಗ ಈ ಕಸಬು ಕಲಿಸಿದ ಚನಮಲ್ಲಪ್ಪ ಜಾಬರ್ ಒಂದು ಮಾತು ತಲ್ಯಾಗ ಹೊಡದು ಇಟ್ಟಿದ್ದ. ಅವನ ಕಾಲದಾಗ ಒಂದು ಶೆಡ್ಡಿನಾಗ ಉಳಿದ ವಾಯರ್ ಒಂದು ಬಾಯಿ ತೆರಕೊಂಡು ಜೋತಾಡತಿತ್ತಂತ, ನೂಲಿನ ಕಂಡಿಕಿ ಸುತ್ತೂ ಹೆಣ್ಣುಮಗಳ ಕೈ ಹತ್ತಿ ಜೀವಾನ ಹೋತಂತ. ಅವತ್ತಿನಿಂದ ಅವನ ಕಾಯ್ದೆ: 'ಉಳಿದ ವಾಯರ್ ಬಾಯಿ ಬಿಟ್ಟು ಬಿಡಬ್ಯಾಡ, ಮಗ್ಗದ ಮೈಗೆ ಕಟ್ಟು.' ಮೂವತ್ತು ವರ್ಷ ಕಟ್ಟೇನಿ. ಯಾರಿಗೂ ಏನೂ ಆಗಿಲ್ಲ. ಟೇಪು ಬಿಸಿಲಿಗೆ ಬಿಚ್ಚತೈತಿ ಅಂತ ಟೇಪಿನ ಮ್ಯಾಲ ನೂಲು ಸುತ್ತೂದು ನನ್ನದ ಒಂದು ಚಾಳಿ. ಕಿಸೆದಾಗ ಯಾವ ಬಣ್ಣದ ನೂಲು ಇರತೈತೋ ಅದು.

ಹಾಡು ಭರ್ಜರಿ ಬಂತು. ಓಣಿ ಮಂದಿ ಬಂದು ನೋಡಿ ಹೋದ್ರು. ಸಂಜಿಕ ಗಾಡಿ ತಗದು ದೀಪದ ಸ್ವಿಚ್ ತಿರಿವಿದೆ. ಮುಂದಿನ ದೊಡ್ಡ ದೀಪಾ ಹತ್ತಿದವು, ಮುಂದಿನ ಮೀಟರ್ ಮಾತ್ರ ಕತ್ತಲಿ. ಎಷ್ಟು ಓಡಾಕತ್ತೇನಿ, ಎಣ್ಣಿ ಎಷ್ಟೈತಿ, ಏನೂ ಕಾಣವಲ್ದು. ಫ್ಯೂಸಿನ ಡಬ್ಬಿ ತಗದು ನೋಡಿದ್ರ ಒಂದು ಸಣ್ಣ ಫ್ಯೂಸ್ ಹೋಗಿತ್ತು. ಬ್ಯಾರೆ ಹಾಕಿದೆ, ಸ್ವಿಚ್ ತಿರಿವಿದೆ, ಟಪ್ ಅಂತು. ಮತ್ತೊಂದು ಹಾಕಿದೆ, ಅದೂ ಟಪ್. ಬಲ್ಬ್ ಕೆಟ್ಟೈತಿ ಅಂದೆ, ಬ್ಯಾಟರಿ ಜೋರ ಐತಿ ಅಂದೆ, ಕಡೀಕ ಗಾಡಿ ಮಾರಿದವಗ ಫೋನ್ ಹಚ್ಚಿ 'ಎಂಥಾ ಡಬ್ಬಾ ಗಾಡಿ ಕೊಟ್ಟಿಯಲೇ' ಅಂತ ಬಾಯಿಗೆ ಬಂದಂಗ ಬೈದೆ. ನನ್ನ ಹೆಣತಿ ಅನಸವ್ವ ಬಾಗಿಲದಾಗ ನಿಂತು ನೋಡಾಕತ್ತಿದ್ಲು.

"ನೀವು ಕೈ ಹಾಕೂಕಿಂತ ಮೊದಲ ದೀಪಾ ಹತ್ತತಿತ್ತಲ್ರಿ?" ಅಂದ್ಲು. ಹತ್ತತಿತ್ತು ಅಂದೆ. "ಈಗ ಹತ್ತವಲ್ದು?" ಹತ್ತವಲ್ದು ಅಂದೆ. "ಮತ್ತ?" ಅಂದ್ಲು. ಅಷ್ಟ. ನನಗ ನೆತ್ತೀಗೇರಿತು. ನಿನಗೇನ ತಿಳೀತೈತಿ, ರೊಟ್ಟಿ ಬಡಿ ಹೋಗು ಅಂದೆ. ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದ್ಲಂತ, ಅದು ನಾನ ಆಗಿದ್ದೆ, ಆದ್ರ ಒಪ್ಪಬೇಕಲ್ಲ? ನಮ್ಮ ಶೆಡ್ಡಿನಾಗ ಪದೇ ಪದೇ ಫ್ಯೂಸ್ ಹೋದ್ರ ಏನ ಮಾಡ್ತೇವಿ, ಎರಡು ಎಳಿ ತಂತಿ ಜಾಸ್ತಿ ಸುತ್ತತೇವಿ, ಮಗ್ಗಾ ನಿಲ್ಲಬಾರದು. ಅದನ್ನ ಮಾಡಿದೆ. ಫ್ಯೂಸ್ ಜಾಗಾದಾಗ ದಪ್ಪ ತಾಮ್ರದ ಎಳಿ ತುರುಕಿ ಸ್ವಿಚ್ ತಿರಿವಿದೆ. ಒಂದು ಉಸಿರು ಎಳಿಯೂದ್ರಾಗ ಸುಟ್ಟ ವಾಸನಿ ಬಂತು, ಸ್ಟೀರಿಂಗ್ ಕೆಳಗಿನಿಂದ ಹೊಗಿ ಎದ್ದಿತು. ಬ್ಯಾಟರಿ ವಾಯರ್ ಕಿತ್ತು ಒಗದೆ, ಇಲ್ಲಂದ್ರ ಗಾಡಿ ಅಂಗಳದಾಗ ಸುಟ್ಟು ಹೋಗತಿತ್ತು. ಅನಸವ್ವ ಒಂದು ಕೊಡ ನೀರು ಹಿಡಕೊಂಡು ಓಡಿ ಬಂದ್ಲು.

ಮಂಗಳವಾರ ಮುಂಜಾನೆ ಜಮಖಂಡಿಗೆ ಗಾಡಿ ಒಯ್ದೆ. ಅಲ್ಲಿ ಕಾಮಣ್ಣ ಅಂತ ಗಾಡಿ ವಾಯರಿಂಗ್ ಮಾಡೂ ಹಿರಿಯಾ ಅದಾನ. ಸೀಟಿನ ಕೆಳಗ ತಲಿ ಹಾಕಿ ಮಲಗಿದ, ಕೈಯಾಗ ಟೆಸ್ಟ್ ಲ್ಯಾಂಪ್ ಹಿಡಕೊಂಡು ಒಂದೊಂದ ವಾಯರ್ ಹುಡುಕಿದ. ಸ್ವಲ್ಪ ಹೊತ್ತಿನ ಮ್ಯಾಲ ಒಳಗಿನಿಂದನ ಜೋರ ನಕ್ಕ. "ಇದೇನ್ರೀ ಜಾಬರ, ವಾಯರಿಗೆ ಸೀರಿ ಉಡಿಸೀರಿ?" ನೂಲು ಸುತ್ತಿದ ಆ ಕೇಸರಿ ವಾಯರ್ ಹೊರಗ ಎಳದು ತೋರಿಸಿದ. ಉಳಿದದ್ದು, ಸತ್ತ ವಾಯರ್, ಅದಕ್ಕ ಗಾಡಿ ಮೈಗೆ ಕಟ್ಟೇನಿ ಅಂದೆ. "ಸತ್ತದ್ದು ಅಂತ ಹೆಂಗ ತಿಳಕೊಂಡ್ರಿ? ದೀಪಾ ಹಚ್ಚಿ ನೋಡಿದ್ರೇನು?" ಅಂದ. ಟೆಸ್ಟ್ ಲ್ಯಾಂಪ್ ಹಚ್ಚಿ ನೋಡೇನಲ್ಲ ಅಂದೆ. "ಅದಲ್ರಿ ಮಾರಾಯ್ರ, ಗಾಡಿ ದೀಪಾ. ಗಾಡಿ ದೀಪಾ ಹಚ್ಚಿದಾಗಷ್ಟ ಈ ವಾಯರಿಗೆ ಜೀವಾ ಬರತೈತಿ. ಸ್ಟೀರಿಯೊದ ಬಟನ್ ಕತ್ತಲಾಗ ಕಾಣಲಿ ಅಂತ ಕಂಪನಿಯವರು ಕೊಟ್ಟಿರ್ತಾರ. ನೀವು ಮಟಮಟ ಮಧ್ಯಾಹ್ನದಾಗ ನೋಡೀರಿ, ದೀಪದ ಸ್ವಿಚ್ ಬಂದ್ ಐತಿ, ಅದರಾಗ ಕರೆಂಟ ಎಲ್ಲಿಂದ ಬರಬೇಕು?"

ಇಷ್ಟಾದ್ರೂ ನನಗ ಏನೂ ಹೊಳೀಲಿಲ್ಲ. ನಗಾಕತ್ತಿದ್ದೆ ನಾನೂ. ಕಾಮಣ್ಣ ಆ ವಾಯರ್ ಬಿಚ್ಚಿ, ಹೊಸ ಫ್ಯೂಸ್ ಹಾಕಿ, ದೀಪಾ ಹಚ್ಚಿದ. ಮೀಟರ್ ಬೆಳಗಿತು. "ಹಿಂದ ಹೋಗಿ ನೋಡ್ರಿ" ಅಂದ. ಹೋದೆ. ಎರಡೂ ಕೆಂಪು ದೀಪಾ ಹತ್ತಿದ್ದವು. "ಈಗ ನೋಡ್ರಿ" ಅಂದು ಆ ವಾಯರಿನ ತುದಿ ಗಾಡಿ ಮೈಗೆ ಮುಟ್ಟಿಸಿದ. ಟಪ್ ಅಂತು. ಎರಡೂ ಕೆಂಪು ದೀಪಾ ಹೋದವು. ನಂಬರ್ ಪ್ಲೇಟಿನ ದೀಪಾನೂ ಹೋತು. "ಮುಂದ ಬರ್ರಿ" ಅಂದ. ಬಂದೆ. ದೊಡ್ಡ ದೀಪಾ ಎರಡೂ ಉರಿಯಾಕತ್ತಿದ್ದವು. ಕಾಮಣ್ಣ ಕೈ ಒರಸಿಕೋತ ಅಂದ: "ಅವುಕ್ಕ ಫ್ಯೂಸ್ ಬ್ಯಾರೆ. ಇದ ನೋಡ್ರಿ ಇದರಾಗಿನ ಮೋಸ. ಗಾಡ್ಯಾಗ ಕುಂತಾವಗ ಮುಂದ ಬೆಳಕ ಕಾಣತೈತಿ, ಎಲ್ಲಾ ಸರಿ ಐತಿ ಅಂತ ತಿಳೀತಾನ. ಮೀಟರ್ ದೀಪಾ ಒಂದು ಹೋಗಿರತೈತಿ, ಅದನ್ನ ಯಾರು ಲೆಕ್ಕಕ್ಕ ಹಿಡೀತಾರ? ಹಿಂದಿನಿಂದ ಬಂದಾವಗ ಮಾತ್ರ ನೀವು ಇಲ್ಲವ ಇಲ್ಲ."

ವೈನಿ, ಎದಿ ಧಸಕ್ ಅಂತು ಅಂತಾರಲ್ಲ, ನನಗ ಹಂಗೂ ಆಗಲಿಲ್ಲ. ಏನೂ ಆಗಲಿಲ್ಲ. ಗಾಡಿ ಹಿಂದ ಹೋಗಿ ನಿಂತು "ಇನ್ನೊಮ್ಮೆ ಮಾಡು" ಅಂದೆ. ಫ್ಯೂಸ್ ಹಾಕಿ ಮಾಡಿ ತೋರಿಸಿದ. "ಇನ್ನೊಮ್ಮೆ" ಅಂದೆ. ನಾಕು ಫ್ಯೂಸ್ ಹೋದವು. ಪ್ರತಿ ಸಲ ಆ ಕೆಂಪು ದೀಪಾ ಹೋಗೂದು ನೋಡಕೋತ ನಿಂತೆ. "ಯಾಕ್ರೀ, ಹುಚ್ಚ ಹಿಡೀತೇನು?" ಅಂತ ಕಾಮಣ್ಣ ಕೇಳಿದ. ಆವಾಗ ನನಗ ಒಂದು ಫೋನು ನೆಪ್ಪಾತು, ಅಲ್ಲೇ ಡಾಂಬರ ರಸ್ತೆ ಮ್ಯಾಲ ಕುಂತುಬಿಟ್ಟೆ.

ಆ ಫೋನು ನಿಮಗೂ ನೆಪ್ಪಿರಬೇಕು. ಅಂವ ಹೋಗೂ ಹಿಂದಿನ ದಿನ ಸಂಜಿಕ. ನೀವು ಅಡಗಿ ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ರಿ, ಬಡಿಯೂ ಸಪ್ಪಳ ನನಗ ಫೋನಿನಾಗ ಕೇಳತಿತ್ತು. ಬಸವಕುಮಾರ ಅಂದ: "ಲೇ ಮಲಕಾಜ್ಯಾ, ನೀ ಸ್ಟೀರಿಯೊ ಕೂಡಿಸಿದಾಗಿಂದ ಮೀಟರ್ ದೀಪಾ ಹತ್ತವಲ್ದು ನೋಡಲೇ." ನಾ ಏನಂದೆ ಗೊತ್ತೈತೇನು? "ಮೀಟರ್ ಕಾಣದಿದ್ರ ಏನಾತೋ, ನೀ ಏನ್ ವಿಮಾನಾ ಹೊಡೀತೀಯೇನು? ಮುಂದಿನ ದೊಡ್ಡ ಲೈಟ್ ಹತ್ತತಾವಿಲ್ಲ?" ಹತ್ತತಾವ ಅಂದ. "ಮತ್ತೇನು! ಐತವಾರ ಬಂದು ನೋಡ್ತೇನಿ, ವೈನಿಗೆ ಹೋಳಿಗಿ ಮಾಡಾಕ ಹೇಳು" ಅಂದೆ. ಅಂವ ನಕ್ಕ. ಐತವಾರ ಬರೂಕಿಂತ ಮೊದಲ ಅಂವ ಹೋದ.

ಎರಡು ವರ್ಷ ಈ ಮಾತು ನನ್ನ ತಲ್ಯಾಗ ಎಲ್ಲಿ ಅಡಗಿ ಕುಂತಿತ್ತು ವೈನಿ? ಪೊಲೀಸರ ಮುಂದ ಹೇಳಿಕಿ ಬರಿಸೂವಾಗ ಯಾಕ ನೆಪ್ಪಾಗಲಿಲ್ಲ? ನಾ ಸುಳ್ಳು ಹೇಳಬೇಕಂತ ಹೇಳಿದ್ದಲ್ಲ, ಅದನ್ನ ಆಣ್ಯಾಗ ಹೇಳ್ತೇನಿ. ಆದ್ರ ಎಲ್ಲಾ ದೀಪಾ ನೋಡೇನಿ ಅಂತ ಬರಿಸಿದೆನಲ್ಲ, ಅದು ಸುಳ್ಳ. ಅವತ್ತೂ ಮಧ್ಯಾಹ್ನ ಹನ್ನೆರಡಾಗಿತ್ತು. ನಾ ದೀಪದ ಸ್ವಿಚ್ ಮುಟ್ಟಿರಲೇ ಇಲ್ಲ. ಹಾಡು ಬಂತು, ಕೈ ತಟ್ಟಿದ್ವಿ, ಚಾ ಕುಡದ್ವಿ, ಅಷ್ಟ. ನಿಮಗ ನಾಟಕ ಕಂಪನಿ ಪದಾ ಅಂದ್ರ ಜೀವ, ಬೀಳಗಿಗೆ ತವರಮನಿಗೆ ಹೋಗೂವಾಗ ದಾರೀತುಂಬ ಕೇಳಸಬೇಕು ಅಂತ ಅಂವ ಆ ಸ್ಟೀರಿಯೊ ತಂದಿದ್ದ. ಇದನ್ನ ಓದಿ ನನ್ನ ಸಲುವಾಗಿ ಹಿಂಗಾತು ಅಂತ ನೀವು ತಿಳಕೊಂಡೀರಿ, ಖಬರದಾರ! ಇದರಾಗ ನಿಮ್ಮದು ಎಳ್ಳಷ್ಟೂ ಇಲ್ಲ. ವಾಯರ್ ಕಟ್ಟಿದ್ದು ನನ್ನ ಕೈ.

ಖರೆನೋ ಸುಳ್ಳೋ ನನ್ನ ಕಣ್ಣಿಂದ ನೋಡಬೇಕಿತ್ತು. ಜಮಖಂಡಿಯಿಂದ ಸೀದಾ ನಿಮ್ಮ ಮನಿಗೆ ಬಂದೆ. "ಯಾಕ್ರಿ ಅಣ್ಣಾರ, ಎರಡು ವರ್ಷದ ಮ್ಯಾಲ ಈಗ್ಯಾಕ ಗಾಡಿ ನೋಡ್ತೀರಿ?" ಅಂತ ಕೇಳಿದ್ರಿ. ಗುಜರಿಯವ ಗಿರಾಕಿ ಬಂದಾನ, ಶನಿವಾರ ಒಯ್ಯತಾನ, ಒಮ್ಮೆ ನೋಡ್ತೇನಿ ಅಂದೆ. ಅದು ಅಲ್ಲೇ ಹುಟ್ಟಿದ ಸುಳ್ಳು. ಕೇಸ್ ಮುಗಿಯೂತನಕ ಗಾಡಿ ಕೊಡಬ್ಯಾಡ್ರಿ ಅಂತ ವಕೀಲರು ಹೇಳ್ಯಾರಲ್ರಿ ಅಂದ್ರಿ. ಏನಾಗಂಗಿಲ್ಲ, ನೋಡಕೊಳ್ಳಾಕ ನಾ ಅದೇನಿ ಅಂದೆ. ನೀವು ನನ್ನ ನಂಬಿದ್ರಿ, ಚಾಕ್ಕ ಇಡಾಕ ಒಳಗ ಹೋದ್ರಿ.

ಹಿತ್ತಲದಾಗ ತಾಡಪತ್ರಿ ಸರಿಸಿದೆ. ಹಿಂದ ಏನೂ ಉಳಿದಿಲ್ಲ, ಮುಂದ ಎಲ್ಲಾ ಹಂಗ ಐತಿ. ಬಾಗಿಲ ತಗದು ಸ್ಟೀರಿಯೊದ ಕೆಳಗ ಕೈ ಹಾಕಿದೆ. ಕೈಗೆ ನೂಲು ಹತ್ತಿತು. ಎಳದು ನೋಡಿದೆ. ಹಸರು ನೂಲು, ಆ ವರ್ಷ ನಿಮ್ಮ ಶೆಡ್ಡಿನಾಗ ಹಸರು ಸೀರಿ ನಡದಿದ್ದವು. ಕೇಸರಿ ವಾಯರ್, ಬೋಲ್ಟಿಗೆ ಮೂರು ಸುತ್ತು, ಮ್ಯಾಲ ಟೇಪು, ಅದರ ಮ್ಯಾಲ ನನ್ನ ಗಂಟು. ಫ್ಯೂಸಿನ ಡಬ್ಬಿ ತಗದೆ. ಅಲ್ಲೂ ಒಂದ ಫ್ಯೂಸ್ ಹೋಗಿತ್ತು, ಹಿಂದಿನ ದೀಪದ್ದು.

ಇನ್ನ ಮುಂದಿಂದು ಬರಿಯಾಕ ನಾಚಿಕಿ ಬರತೈತಿ. ಗಿರಮಲ್ಲಪ್ಪ ನೆಪ್ಪಾದ, ನನ್ನ ಹೇಳಿಕಿ ನೆಪ್ಪಾತು, ನೀವು ನೆಪ್ಪಾದ್ರಿ. ಇಷ್ಟೆಲ್ಲಾ ನೆಪ್ಪಾಗಿ ನನ್ನ ಕೈ ಏನ ಮಾಡ್ತು ಗೊತ್ತೇನು? ಕಿಸೆದಾಗಿನ, ವಾಯರ್ ಕತ್ತರಸೂ ಪಕ್ಕಡ ಹೊರಗ ತಗೀತು. ನಾ ತಗದೆ ಅನ್ನಾಕ ಬಾಯಿ ಬರವಲ್ದು, ಆದ್ರ ಕೈ ನನ್ನದ, ಪಕ್ಕಡಾನೂ ನನ್ನದ. ಆ ವಾಯರ್ ಪಕ್ಕಡಿನ ಬಾಯಾಗ ಇಟ್ಟೆ. ಒತ್ತಿದ್ರ ಮುಗೀತು. ಸಣ್ಣ ತುಂಡು, ಕಿಸೆದಾಗ ಹಾಕ್ಕೊಂಡು ಹೋಗಿ ಹೊಳಿಗೆ ಒಗದ್ರ ಈ ಭೂಮಿ ಮ್ಯಾಲ ಯಾರಿಗೂ ಗೊತ್ತಾಗಂಗಿಲ್ಲ. ಸೋಮವಾರ ಅದ ಸಾಕ್ಷಿ ಹೇಳಿ, ನೀವು ಹೋಳಿಗಿ ಮಾಡಿದ್ರ ಉಂಡು, ಹಂಗ ಇದ್ದುಬಿಡಬಹುದು. ಒಳಗಿನಿಂದ ನೀವು ಕೂಗಿದ್ರಿ: "ಅಣ್ಣಾರ, ಸಕ್ಕರಿ ಎಷ್ಟು ಹಾಕಲಿ?"

ಎರಡು ಚಮಚೆ ಅಂದೆ. ಪಕ್ಕಡ ಕಿಸೆದಾಗ ಇಟ್ಕೊಂಡೆ. ಧೈರ್ಯಾ ಬಂದು ಬಿಟ್ಟಿದ್ದಲ್ಲ, ಪುಣ್ಯಾತ್ಮ ಆಗಿ ಬಿಟ್ಟಿದ್ದೂ ಅಲ್ಲ, ನಿಮ್ಮ ದನಿ ಕೇಳಿ ಕೈ ಸಡ್ಲ ಆತು, ಅಷ್ಟ. ವಾಯರ್ ಹಂಗ ಐತಿ. ಆದ್ರ ಗುಜರಿಯವನ ಸುಳ್ಳು ಹೇಳಿದ್ನೆಲ್ಲ, ಅಂವ ಖರೇನ ಬಂದು ಗಾಡಿ ಒಯ್ಯಲಿ ಅಂತ ಮನಸಿನ ಒಂದು ಮೂಲ್ಯಾಗ ಇತ್ತು. ತಿರುಗಿ ಹೋಗೂ ಮುಂದ ಗುಜರಿಯವ ಒಬ್ಬವಗ ಶನಿವಾರ ಬಾ ಅಂತ ಹೇಳಿಯೂ ಬಂದೆ. ಎರಡು ವರ್ಷದ ಹಿಂದ ಮಾಡಿದ್ದು ತಪ್ಪು, ತಿಳೀದ ಆದದ್ದು. ಮಂಗಳವಾರ ಮಾಡಿದ್ದು ತಿಳದು ಮಾಡಿದ್ದು. ಐವತ್ತೆರಡು ವರ್ಷ ನಾ ಇಂಥಾ ಮನಷ್ಯಾ ಅಂತ ನನಗ ಗೊತ್ತಿರಲಿಲ್ಲ. ವಾಯರಿಗಿಂತ ಇದು ನನಗ ಭಾಳ ದಂಗ ಬಡಿಸೇತಿ.

ಅನಸವ್ವಗ ಎಲ್ಲಾ ಹೇಳಿದೆ. ಆಕಿ ಬೈತಾಳ, ಅಳತಾಳ ಅಂತ ತಿಳದಿದ್ದೆ. "ನಾಳೆ ತುಬಚಿಗೆ ಹೋಗ್ರಿ" ಅಂದ್ಲು. ಬುಧವಾರ ಹೋದೆ, ಬಸ್ಸಿನಾಗ.

ಗಿರಮಲ್ಲಪ್ಪನ ಲೈಸನ್ಸ್ ಕೇಸಿನಾಗ ಸಿಕ್ಕೈತಿ. ಸ್ಟೀರಿಂಗ್ ಹಿಡದ ಕೈ ಈಗ ಮಂದಿ ಹೊಲದಾಗ ಕಬ್ಬಿಗೆ ನೀರು ಹಾಯಸತೈತಿ. ನನ್ನ ನೋಡಿ ಸಲಿಕಿ ಬಿಟ್ಟು ಕೈ ಮುಗದ. ನಾ ಹೊಡಿಯಾಕ ಬಂದೇನಿ ಅಂತ ತಿಳದಿರಬೇಕು, ಒಂದು ಹೆಜ್ಜಿ ಹಿಂದ ಸರದ. ಬದುವಿನ ಮ್ಯಾಲ ನಿಂತ ಎಲ್ಲಾ ಹೇಳಿದೆ. ಕೇಸರಿ ವಾಯರ್, ಫ್ಯೂಸ್, ಕಾಮಣ್ಣ, ಫೋನು, ಪಕ್ಕಡ, ಒಂದೂ ಬಿಡಲಿಲ್ಲ. ಅಂವ ಸಿಟ್ಟಿಗೇಳಲಿಲ್ಲ. ಇಷ್ಟ ಕೇಳಿದ: "ಹಂಗಾರ ದೀಪಾ ಖರೇನ ಇರಲಿಲ್ಲೇನ್ರಿ?"

ಇರಲಿಲ್ಲ ಅಂದೆ.

"ಒಂದೂ?"

ಒಂದೂ ಇರಲಿಲ್ಲೋ ಗಿರಮಲ್ಲಪ್ಪ ಅಂದೆ.

ಅಂವ ಕೆಸರಾಗ ಹಂಗ ಕುಂತ. "ನನ್ನ ಕಣ್ಣಿನ ಮ್ಯಾಲಿನ ನಂಬಿಗಿನ ಹೋಗಿತ್ತರಿ" ಅಂದ. "ನೀವು ಎಲ್ಲಾರೂ ಇದ್ದವು, ಇದ್ದವು ಅಂದ್ರಿ. ಓದಿದವರು, ತಿಳದವರು, ಗಾಡಿಗೆ ಸ್ಟೀರಿಯೊ ಕೂಡಿಸಿದವರು ಅಂದ್ರಿ. ಇದ್ದಿರಬೇಕು, ನಾನ ಮಂಪರಿನಾಗ ಇದ್ದಿರಬೇಕು, ಒಬ್ಬನ ಜೀವಾ ತಗದು ಮ್ಯಾಲ ಸುಳ್ಳು ಹೇಳಾಕತ್ತೇನಿ ಅಂತ ನನಗ ಅನ್ನಿಸಾಕತ್ತಿತ್ತರಿ. ಸೋಮವಾರ ತಪ್ಪಾತು ಅಂತ ಒಪ್ಪಿಕೊಂಡು ಬಿಡ್ತೇನಿ ಅಂತ ವಕೀಲರಿಗೆ ಹೇಳಿ ಬಂದೇನ್ರಿ."

ವೈನಿ, ಕೇಳಿದ್ರೇನು? ತಾ ಕಣ್ಣಾರೆ ನೋಡಿದ್ದನ್ನ ತಾನ ಸುಳ್ಳು ಅಂತ ನಂಬಿ ಜೇಲಿಗೆ ಹೋಗಾಕ ತಯಾರಾಗಿದ್ದ. ಹಂಗ ನಂಬಿಸಿದ್ದು ನಾ. ನಾ ಇನ್ನೊಂದು ವಾರ ತಡ ಮಾಡಿದ್ರ, ಆ ಪಕ್ಕಡ ಒತ್ತಿದ್ರ, ಮುಗದು ಹೋಗತಿತ್ತು. ಅವನ ಮುಂದ ಕುಂತು ಹೊಡಿ ಅಂದೆ. ಎರಡು ಹೊಡದೇನಿ, ನೀ ಹತ್ತು ಹೊಡಿ ಅಂದೆ. ಅಂವ ತಲಿ ಅಲ್ಲಾಡಿಸಿದ. "ಹೊಡದ್ರ ಏನ ಬರತೈತ್ರಿ" ಅಂದ. ಆಮ್ಯಾಲ ಅಂದ: "ಆ ತಾಯಿಗೆ ಹೇಳೀರೇನ್ರಿ?" ಇಲ್ಲ ಅಂದೆ. "ಮೊದಲ ಆಕಿಗೆ ಹೇಳ್ರಿ. ಕೋರ್ಟಿನಾಗ ನಾಕು ಮಂದಿ ಮುಂದ ಒಮ್ಮಿಗೆ ಕೇಳೂ ಹಂಗ ಮಾಡಬ್ಯಾಡ್ರಿ. ಆಕಿ ತಡಕೊಳ್ಳಂಗಿಲ್ಲ." ನಿಮ್ಮ ಸಲುವಾಗಿ ಮೊದಲ ಚಿಂತಿ ಮಾಡಿದಾಂವ ಅಂವ, ನಾ ಅಲ್ಲ. ಈ ಪತ್ರ ಅವನ ಮಾತಿಗೆ ಬರದದ್ದು.

ಸೋಮವಾರ ನಾ ಎಲ್ಲಾ ಹೇಳ್ತೇನಿ. ಹೇಳಿಕಿ ಬರಿಸಿದ್ದು ಸುಳ್ಳು ಅಂತ ಹೇಳ್ತೇನಿ, ಗಾಡಿ ತಪಾಸ ಮಾಡಸ್ರಿ ಅಂತ ಕೇಳ್ತೇನಿ. ಕಾಮಣ್ಣನೂ ಬರ್ತೇನಿ ಅಂದಾನ. ಗಿರಮಲ್ಲಪ್ಪನ ಪಾಲಿಗೆ ಎಷ್ಟು, ನನ್ನ ಪಾಲಿಗೆ ಎಷ್ಟು ಅನ್ನೂದನ್ನ ಕೋರ್ಟು ನೋಡ್ಲಿ, ಕೊಟ್ಟ ಶಿಕ್ಷಾ ತೊಗೋತೇನಿ. ಕ್ಷಮಾ ಮಾಡ್ರಿ ಅಂತ ನಿಮಗ ಕೇಳಂಗಿಲ್ಲ. ಕೇಳಿದ್ರ ನೀವು ಮಾಡಿಬಿಡ್ತೀರಿ, ನಿಮ್ಮ ಸ್ವಭಾವ ನನಗ ಗೊತ್ತೈತಿ, ಆಮ್ಯಾಲ ಒಬ್ಬರ ಕುಂತು ಅಳತೀರಿ. ಬೈಬೇಕು ಅನ್ನಿಸಿದ್ರ ಬಂದು ನಮ್ಮ ಬಾಗಿಲದಾಗ ನಿಂತು ಓಣಿ ಕೇಳೂ ಹಂಗ ಬೈರಿ. ಅನಸವ್ವ ನಿಮ್ಮ ಕಡೆನ ನಿಲ್ಲತೇನಿ ಅಂದಾಳ.

ಒಂದ ಒಂದು ಕೇಳ್ತೇನಿ. ಈ ಎರಡು ವರ್ಷ ಕೋರ್ಟಿನ ಪ್ರತಿ ತಾರೀಖಿಗೆ ನಾವೆಲ್ಲಾ ಒಂದು ಬಾಕಿನ ಮ್ಯಾಲ ಕುಂಡ್ರತಿದ್ವಿ, ನೀವು, ನಿಮ್ಮ ಅಣ್ಣಾರು, ನಾ. ಎದುರಿನ ಬಾಕಿನ ಮ್ಯಾಲ ಗಿರಮಲ್ಲಪ್ಪ ಒಬ್ಬನ. ಅವನ ಮಗ್ಗಲಕ ಯಾರೂ ಕುಂಡ್ರತಿರಲಿಲ್ಲ, ಕೊಲಿಗಾರನ ಮಗ್ಗಲಕ ಯಾಕ ಅಂತ ಬ್ಯಾರೆ ಕೇಸಿನವರೂ ಎದ್ದು ನಿಲ್ಲತಿದ್ರು. ಸೋಮವಾರ ನೀವು ಬರ್ತೀರೋ ಇಲ್ಲೋ ನನಗ ಗೊತ್ತಿಲ್ಲ. ಬಂದ್ರ, ವೈನಿ, ನನ್ನ ಮಗ್ಗಲಕ ಕುಂಡ್ರಬ್ಯಾಡ್ರಿ. ಹೋಗಿ ಅವನ ಮಗ್ಗಲಕ ಕುಂಡ್ರಿ.

ನಿಮ್ಮ ಮಕ್ಕಳು ಅಪ್ಪನ ಗುಣಾ ಹೊತ್ತು ದೊಡ್ಡವರಾಗಲಿ, ದೇವರು ನಿಮಗ ಗಟ್ಟಿ ಮನಸು ಕೊಡಲಿ.

ಇನ್ನ ಮ್ಯಾಲ ಗೆಳೆಯ ಅಂತ ಬರಕೊಳ್ಳಾಕ ಮಾರಿ ಇಲ್ಲದ,
ಮಲಕಾಜಪ್ಪ